ರನ್‌ವೇ ಇದ್ದರೆ ವಿಮಾನ ಬರ್ತದಾ? – ಉಳ್ಳಾಲ ಶ್ರೀನಿವಾಸ ಮಲ್ಯರ ಬದುಕು

ನೆರಿಯ, ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆ ಕಡೆಯವರಿಗೆ ವಿಮಾನ ಅಂದ್ರೆ ಬಜ್ಪೆ. ಪುಣೆಯಲ್ಲಿ ಕೆಲಸ ಸಿಕ್ಕಿ ಹೊರಡುವ ಸೀನಿಯರ್ ಇರಲಿ, ದುಬೈಯಿಂದ ರಜೆಗೆ ಬರುವ ಮಾವ ಇರಲಿ, ಎಲ್ಲರಿಗೂ ಅದೇ ಗುಡ್ಡದ ಮೇಲಿನ ನಿಲ್ದಾಣ. ಈಚೆಗೆ ನಮ್ಮ ಧರ್ಮಸ್ಥಳದ ಹತ್ತಿರವೇ ಒಂದು ಏರ್‌ಸ್ಟ್ರಿಪ್ ಮಾಡಬೇಕೆಂಬ ಮಾತು ಸರ್ಕಾರದ ಮಟ್ಟದಲ್ಲೇ ಬಂದಿದೆ. ಕೇಳಿದ ಕೂಡಲೇ ಎಲ್ಲರಿಗೂ ಖುಷಿ. ನಮ್ಮ ಊರಿಗೂ ವಿಮಾನ ಬರ್ತದೆ ಅಂತ.

ಆದರೆ ಇಂಜಿನಿಯರಿಂಗ್ ಓದುವ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ರನ್‌ವೇ ಮಾಡಬಹುದು, ಸರಿ. ಅದರ ಮೇಲೆ ವಿಮಾನ ಇಳಿಸುವ ಕಂಪನಿ ಯಾವುದು? ಯಾಕೆ ಇಳಿಸಬೇಕು? ಈ ದೇಶದಲ್ಲಿ ಚಂದದ ಟರ್ಮಿನಲ್ ಇದ್ದೂ ದಿನಕ್ಕೆ ಒಂದೆರಡು ವಿಮಾನಕ್ಕೆ ಕಾಯುವ ನಿಲ್ದಾಣಗಳು ಬೇಕಾದಷ್ಟಿವೆ. ಬಜ್ಪೆ ಹಾಗಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ತಿಳಿಯಬೇಕಾದರೆ ಒಬ್ಬ ಮನುಷ್ಯನ ಬದುಕನ್ನು ನೋಡಬೇಕು. ಅವರೇ ಉಳ್ಳಾಲ ಶ್ರೀನಿವಾಸ ಮಲ್ಯರು.

ದಾರಿಯಿಲ್ಲದ ಊರಿನ ಹುಡುಗ

ಮಲ್ಯರು ಹುಟ್ಟಿದ್ದು 1902ರ ನವೆಂಬರ್ 21ರಂದು, ಮಂಗಳೂರಿನಲ್ಲಿ. ಆಗಿನ ಮಂಗಳೂರು ಹೇಗಿತ್ತು ಎಂದು ಸ್ವಲ್ಪ ಕಲ್ಪಿಸಿಕೊಳ್ಳಿ. ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದ ಒಂದು ಮೂಲೆ. ರಾಜಧಾನಿ ಮದ್ರಾಸು ದೇಶದ ಇನ್ನೊಂದು ಕಡಲತೀರದಲ್ಲಿ. ರೈಲು ಮಂಗಳೂರಿಗೆ ಮುಟ್ಟಿದ್ದು 1907ರಲ್ಲಿ, ಅದೂ ದಕ್ಷಿಣದಿಂದ, ಕೇರಳದ ದಾರಿಯಾಗಿ. ಪೂರ್ವಕ್ಕೆ ಹೋಗಬೇಕಾದರೆ ಘಾಟಿ ಹತ್ತಬೇಕು. ಉತ್ತರಕ್ಕೆ, ಅಂದರೆ ಮುಂಬೈ ಕಡೆಗೆ ಹೋಗಬೇಕಾದರೆ ಹೆಜ್ಜೆಗೊಂದು ಹೊಳೆ, ಹೆಚ್ಚಿನವಕ್ಕೆ ಸೇತುವೆಯೇ ಇಲ್ಲ. ಹಾಗಾಗಿ ಮುಂಬೈಗೆ ಹೊರಟವರು ಸ್ಟೀಮರ್ ಹತ್ತುತ್ತಿದ್ದರು. ಮಳೆಗಾಲ ಬಂತೆಂದರೆ ಅದೂ ಇಲ್ಲ. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಅಳಿವೆಯಲ್ಲಿ ಮರಳು ತುಂಬಿ, ಕಡಲು ರೊಚ್ಚಿಗೆದ್ದು, ಹಳೇ ಬಂದರು ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು. ಹಡಗುಗಳು ದೂರ ಕಡಲಲ್ಲೇ ಲಂಗರು ಹಾಕುವುದು, ಸಾಮಾನನ್ನು ದೋಣಿಯಲ್ಲಿ ದಡಕ್ಕೆ ತರುವುದು – ಇದು ಒಳ್ಳೆಯ ದಿನಗಳ ಕಥೆ.

ಆದರೂ ಈ ಊರಿನವರು ಸುಮ್ಮನೆ ಕೂತವರಲ್ಲ. ಹಂಚಿನ ಕಾರ್ಖಾನೆ, ಗೋಡಂಬಿ, ಕಾಫಿ, ಬೀಡಿ ಎಲ್ಲ ಇತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ – ಒಂದೇ ಜಿಲ್ಲೆಯಲ್ಲಿ ಇಷ್ಟು! ಉಡುಪಿ ಕಡೆಯವರು ಮದ್ರಾಸು, ಮುಂಬೈಯಲ್ಲಿ ಹೋಟೆಲು ಇಟ್ಟಿದ್ದರು. ಅಂದರೆ ಹೋಗುವ ಜನ ಇದ್ದರು, ಹೋಗುವ ಕಾರಣ ಇತ್ತು. ದಾರಿ ಮಾತ್ರ ಇರಲಿಲ್ಲ. ಮಲ್ಯರ ಇಡೀ ಬದುಕು ಈ ಒಂದು ಕೊರತೆಯ ಬೆನ್ನು ಹತ್ತಿದ ಕಥೆ.

ಗಾಂಧೀಜಿಯವರ ಅಸಹಕಾರ ಚಳವಳಿಯ ಕಾಲದಲ್ಲಿ ಮಲ್ಯರು ಓದು ಬಿಟ್ಟು ಹೋರಾಟಕ್ಕೆ ಇಳಿದರು. ಆಗ ಅವರಿಗೆ ನಮ್ಮ ಫಸ್ಟ್ ಇಯರ್ ಹುಡುಗರ ವಯಸ್ಸು. ಮುಂದೆ ಜೈಲಿಗೂ ಹೋಗಿ ಬಂದರು. ದೊಡ್ಡ ಭಾಷಣಕಾರರೆಂದು ಹೆಸರು ಮಾಡಿದವರಲ್ಲ. ಕಾಂಗ್ರೆಸ್ಸಿನ ಸಂಘಟನೆಯ ಕೆಲಸ ಮಾಡುತ್ತಾ ಬೆಳೆದವರು. ಮದ್ರಾಸ್ ಪ್ರಾಂತ್ಯದಿಂದ ಸಂವಿಧಾನ ರಚನಾ ಸಭೆಗೆ ಸದಸ್ಯರಾದರು. 1952, 1957, 1962 – ಮೂರು ಚುನಾವಣೆಗಳಲ್ಲೂ ನಮ್ಮ ಕರಾವಳಿಯಿಂದ ಲೋಕಸಭೆಗೆ ಗೆದ್ದರು. ಕೇಂದ್ರದಲ್ಲಿ ಮಂತ್ರಿ ಆಗಲಿಲ್ಲ. ಆದರೆ ದೆಹಲಿಯಲ್ಲಿ ಯಾವ ಫೈಲು ಯಾವ ಮೇಜಿನ ಮೇಲೆ ಕೂತಿದೆ, ಅದನ್ನು ಎಬ್ಬಿಸುವುದು ಹೇಗೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬಜ್ಪೆ ಪದವಿನ ಮೇಲೆ

ನಮ್ಮ ಕರಾವಳಿಯಲ್ಲಿ ಸಮತಟ್ಟು ಜಾಗ ಅಂದರೆ ಎರಡೇ. ಒಂದು ಕಡಲ ಬದಿಯ ಗದ್ದೆ, ಅದು ಮಳೆಗಾಲದಲ್ಲಿ ನೀರು. ಇನ್ನೊಂದು ಪದವು – ಮುರಕಲ್ಲಿನ ಗುಡ್ಡದ ನೆತ್ತಿ. ಗಟ್ಟಿ ನೆಲ, ನೀರು ನಿಲ್ಲುವುದಿಲ್ಲ, ಸುತ್ತ ಅಡ್ಡಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಬಜ್ಪೆ ಪದವಿನಲ್ಲಿ ವಿಮಾನ ನಿಲ್ದಾಣ ಆಯಿತು. ಅದರ ಹಿಂದೆ ಮಲ್ಯರ ಓಡಾಟ ಇತ್ತು.

1951ರ ಡಿಸೆಂಬರ್ 25. ಪ್ರಧಾನಿ ಜವಾಹರಲಾಲ್ ನೆಹರೂ ಡಗ್ಲಸ್ ಡಿಸಿ-3 ವಿಮಾನದಲ್ಲಿ ಬಂದು ಇಲ್ಲಿ ಇಳಿದರು. ಬಜ್ಪೆ ನಿಲ್ದಾಣದ ಲೆಕ್ಕ ಶುರುವಾಗುವುದು ಆ ದಿನದಿಂದ. ದೇಶದ ಮೊದಲ ಮಹಾಚುನಾವಣೆಯ ಕಾಲ ಅದು, ಮಲ್ಯರೂ ಕಣದಲ್ಲಿದ್ದರು. ರಾಜಕೀಯ ಇರಲಿಲ್ಲ ಎಂದು ಯಾರೂ ಹೇಳಲಾರರು. ಆದರೆ ಚುನಾವಣೆ ಮುಗಿದ ಮೇಲೆ ಹುಲ್ಲು ಬೆಳೆದ ಎಷ್ಟೋ ಕಾಮಗಾರಿಗಳನ್ನು ನಾವು ನೋಡಿದ್ದೇವೆ. ಇದು ಹಾಗಾಗಲಿಲ್ಲ.

ಡಿಸಿ-3 ಅಂದರೆ ಎರಡು ಪಿಸ್ಟನ್ ಇಂಜಿನ್ನಿನ, ಇಪ್ಪತ್ತು-ಮೂವತ್ತು ಜನ ಕೂರುವ ವಿಮಾನ. ಅದಕ್ಕೆ ಚಿಕ್ಕ ರನ್‌ವೇ ಸಾಕು. ಸಣ್ಣ ಊರಿಗೆ ಅಳತೆ ಮಾಡಿ ಹೊಲಿದ ಅಂಗಿಯಂತೆ ಅದು. ಜೊತೆಗೆ ಕಾಲವೂ ಬೇರೆ. 1953ರಲ್ಲಿ ಸರ್ಕಾರ ಎಂಟು ಖಾಸಗಿ ಕಂಪನಿಗಳನ್ನು ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿತು. ಆಮೇಲೆ ಒಂದು ಊರಿಗೆ ವಿಮಾನ ಬೇಕೆಂದರೆ ದೆಹಲಿಯಲ್ಲಿ ಹೇಳಿಸಿ ಮಾಡಿಸಬಹುದಿತ್ತು. ಲಾಭ ಕಡಿಮೆಯಾದರೂ ನಡೆಯುತ್ತಿತ್ತು. ಈ ಅನುಕೂಲ ಮಲ್ಯರ ಕಾಲಕ್ಕಿತ್ತು. ಇವತ್ತಿನ ಎಂಪಿಗೆ ಇಲ್ಲ. ಇಂದು ಒಂದು ಲೋಕಾಸ್ಟ್ ಕಂಪನಿಗೆ ನೀವು ಇಲ್ಲಿಗೆ ಬರಲೇಬೇಕು ಎಂದು ಯಾರೂ ಆಜ್ಞೆ ಮಾಡುವ ಹಾಗಿಲ್ಲ.

ವಿಮಾನಕ್ಕೆ ಜನ ಎಲ್ಲಿಂದ?

ಮಲ್ಯರ ದೊಡ್ಡತನ ನನಗೆ ಕಾಣುವುದು ಬಜ್ಪೆಯ ನಂತರ. ನಿಲ್ದಾಣ ಆಯ್ತಲ್ಲ, ಸಾಕು ಎಂದು ಅವರು ಕೂರಲಿಲ್ಲ.

ಮೊದಲು ರಸ್ತೆ. ಕರಾವಳಿಯುದ್ದಕ್ಕೂ ಹೊಳೆ ದಾಟುವ ಹೆದ್ದಾರಿ ಮತ್ತು ಸೇತುವೆಗಳಿಗಾಗಿ ಅವರು ದೆಹಲಿಯ ಬೆನ್ನು ಬಿಡಲಿಲ್ಲ. ಹಿಂದೆ 17 ಎಂದು ಕರೆಯುತ್ತಿದ್ದ, ಈಗಿನ ರಾಷ್ಟ್ರೀಯ ಹೆದ್ದಾರಿ 66 ಅದೇ ದಾರಿ. ಉಡುಪಿ, ಕುಂದಾಪುರದ ಮನುಷ್ಯ ಕಡವಿನಲ್ಲಿ ದೋಣಿಗೆ ಕಾಯದೆ ಮಂಗಳೂರಿಗೆ ಬರುವಂತಾಗುವುದು ಅಂದರೆ ಏನು? ವಿಮಾನ ನಿಲ್ದಾಣದ ಕೈ ಅಷ್ಟು ದೂರ ಚಾಚಿತು ಎಂದರ್ಥ. ಈಗಿನವರು ಇದನ್ನು ಕ್ಯಾಚ್‌ಮೆಂಟ್ ಎನ್ನುತ್ತಾರೆ.

ಆಮೇಲೆ ಬಂದರು. 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು. ಹೊಸ ರಾಜ್ಯಕ್ಕೆ ವರ್ಷಪೂರ್ತಿ ತೆರೆದಿರುವ ಒಂದು ದೊಡ್ಡ ಬಂದರು ಬೇಕಿತ್ತು. ಹಳೇ ಬಂದರಿನ ಅಳಿವೆಯನ್ನು ಎಷ್ಟು ಕೆದಕಿದರೂ ಅಷ್ಟೇ. ಹಾಗಾಗಿ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಕಡಲನ್ನು ಒಳಗೆ ಕರೆಯುವ ಯೋಜನೆ. 1962ರಲ್ಲಿ ಕೆಲಸ ಶುರುವಾಯಿತು.

ಮೂರನೆಯದು ನಮಗೆ ಹತ್ತಿರದ್ದು. 1960ರ ಆಗಸ್ಟ್ 6ರಂದು ಸುರತ್ಕಲ್ಲಿನಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು, ನಮ್ಮ ಹಿರಿಯರ ಬಾಯಲ್ಲಿ ಕೆಆರ್‌ಇಸಿ, ಆರಂಭವಾಯಿತು. ಮಲ್ಯರ ಜೊತೆ ನಿಂತವರು ಸಿಪಿಸಿ ಬಸ್ಸಿನ ವಿ. ಎಸ್. ಕುಡ್ವರು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗಗಳಿಂದ ಹೊರಟ ಆ ಕಾಲೇಜು 2002ರಲ್ಲಿ ಎನ್‌ಐಟಿಕೆ ಆಯಿತು. ಅಲ್ಲಿಗೆ ಕಾಗದ ಬರೆಯುವವರು ಈಗಲೂ ಶ್ರೀನಿವಾಸನಗರ ಎಂದು ವಿಳಾಸ ಬರೀತಾರೆ. ಆ ಶ್ರೀನಿವಾಸ ಇವರೇ.

ರೈಲನ್ನೂ ಬಿಡಲಿಲ್ಲ. ಹಾಸನದಿಂದ ಸಕಲೇಶಪುರ ಘಾಟಿ ಇಳಿದು ಮಂಗಳೂರಿಗೆ ಬರುವ ರೈಲಿಗಾಗಿಯೂ ಓಡಾಡಿದರು.

ಈಗ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಬೇರೆ ಬೇರೆಯಾಗಿ ನೋಡಿದರೆ ಒಬ್ಬ ಎಂಪಿ ತನ್ನ ಕ್ಷೇತ್ರಕ್ಕೆ ತಂದ ಯೋಜನೆಗಳ ಪಟ್ಟಿ. ಜೋಡಿಸಿ ನೋಡಿದರೆ ಒಂದು ಸಿಸ್ಟಮ್. ಬಂದರು ಬಂದರೆ ಕೈಗಾರಿಕೆ, ಕೈಗಾರಿಕೆಗೆ ಇಂಜಿನಿಯರು, ಇಂಜಿನಿಯರಿಗೆ ಕಾಲೇಜು, ಎಲ್ಲರಿಗೂ ರಸ್ತೆ. ಇವರಲ್ಲಿ ಅವಸರದವರು ವಿಮಾನ ಹತ್ತುತ್ತಾರೆ. ಬಜ್ಪೆಗೆ ಬೇಕಾದ ಪ್ರಯಾಣಿಕರನ್ನು ತಯಾರು ಮಾಡಿದ್ದು ಪಣಂಬೂರು, ಸುರತ್ಕಲ್ ಮತ್ತು ಹೆದ್ದಾರಿ.

ಕಣ್ಣಾರೆ ನೋಡದ ಫಲ

ಮಲ್ಯರು ತೀರಿಕೊಂಡದ್ದು 1965ರ ಡಿಸೆಂಬರ್ 19ರಂದು, 63ನೇ ವಯಸ್ಸಿನಲ್ಲಿ. ಬಜ್ಪೆಯಲ್ಲಿ ನೆಹರೂ ಇಳಿದು ಹದಿನಾಲ್ಕು ವರ್ಷ ತುಂಬಲು ಆರು ದಿನ ಬಾಕಿ.

ಅವರು ಏನೇನು ನೋಡಲಿಲ್ಲ ಎಂದು ಲೆಕ್ಕ ಹಾಕಿದರೆ ಬೇಜಾರಾಗ್ತದೆ. ನವ ಮಂಗಳೂರು ಬಂದರು ಪ್ರಧಾನ ಬಂದರು ಎಂದು ಘೋಷಣೆಯಾದದ್ದು 1974ರಲ್ಲಿ, ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದ್ದು 1975ರ ಜನವರಿಯಲ್ಲಿ. ಹಾಸನ-ಮಂಗಳೂರು ರೈಲು ಮಾರ್ಗ ಮುಗಿದದ್ದು 1979ರಲ್ಲಿ. ಉತ್ತರಕ್ಕೆ ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಬಜ್ಪೆಯ ಉದ್ದದ ರನ್‌ವೇ, 2,450 ಮೀಟರಿನದ್ದು, ಬಂದದ್ದು 2006ರಲ್ಲಿ. ಅಲ್ಲಿವರೆಗೆ 1,615 ಮೀಟರಿನ ಹಳೇ ರನ್‌ವೇಯಲ್ಲೇ ಸುಧಾರಿಸಬೇಕಿತ್ತು.

ಏರೋಡೈನಾಮಿಕ್ಸ್ ಓದಿದವರಿಗೆ ಗೊತ್ತು: ಭಾರ ಹೆಚ್ಚಾದಂತೆ ನೆಲ ಬಿಡಲು ಬೇಕಾದ ವೇಗ ಹೆಚ್ಚು, ಆ ವೇಗಕ್ಕೆ ಓಡುವ ದೂರವೂ ಹೆಚ್ಚು. ಚಿಕ್ಕ ರನ್‌ವೇ ಇದ್ದರೆ ದೊಡ್ಡ ಜೆಟ್ ಪೂರ್ತಿ ಜನ, ಪೂರ್ತಿ ಇಂಧನ ತುಂಬಿಕೊಂಡು ಏಳುವ ಹಾಗಿಲ್ಲ. ಏನಾದರೂ ಬಿಟ್ಟು ಹೋಗಬೇಕು. ಸೀಟು ಖಾಲಿ ಬಿಟ್ಟು ಹಾರಿದರೆ ಅಗ್ಗದ ಟಿಕೆಟಿನ ಕಂಪನಿಗೆ ಬದುಕಿಲ್ಲ.

ಆದರೂ ಲೋಕಾಸ್ಟ್ ಕಾಲ ಬಂದಾಗ ಮಂಗಳೂರು ಹಿಂದೆ ಬೀಳಲಿಲ್ಲ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಶುರುವಾದಾಗ, ಬೆಂಗಳೂರಿನಿಂದ ಸಣ್ಣ ಎಟಿಆರ್ ವಿಮಾನ ಹಾರಿಸಲು ಆರಿಸಿಕೊಂಡ ಮೊದಮೊದಲ ಊರುಗಳಲ್ಲಿ ಮಂಗಳೂರು, ಹುಬ್ಬಳ್ಳಿ ಇದ್ದವು. 2006ರಲ್ಲಿ ಹೊಸ ರನ್‌ವೇ ಆದ ವರ್ಷವೇ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇಲ್ಲಿಂದ ದುಬೈಗೆ ನೇರ ವಿಮಾನ ಹಾಕಿತು. ಗಲ್ಫಿನಲ್ಲಿ ದುಡಿಯುವ ನಮ್ಮ ಜನ ಮುಂಬೈ ಸುತ್ತಿ ಬರುವುದು ತಪ್ಪಿತು. ಕಂಪನಿಗಳು ಯಾರ ಮೇಲಿನ ಪ್ರೀತಿಯಿಂದಲೂ ಬಂದದ್ದಲ್ಲ. ಜನ ಆಗಲೇ ಕಾದು ನಿಂತಿದ್ದರು.

ಪದವಿನ ಇನ್ನೊಂದು ಮಗ್ಗುಲು

ಹೊಗಳಿಕೆ ಮಾತ್ರ ಬರೆದರೆ ಇದು ಜಯಂತಿ ಭಾಷಣ ಆಗ್ತದೆ. ಮಲ್ಯರ ಕನಸಿಗೆ ಬೆಲೆ ಕೊಟ್ಟವರೂ ಇದ್ದಾರೆ. ಬಂದರಿಗಾಗಿ ಪಣಂಬೂರು, ಬೈಕಂಪಾಡಿ ಕಡೆಯ ಕುಟುಂಬಗಳು ಗದ್ದೆ, ಮನೆ, ದೈವಸ್ಥಾನ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದಂಥ ಹೊಸ ಜಾಗಕ್ಕೆ ಹೋಗಬೇಕಾಯಿತು. ಊರಿಗೆ ಒಳ್ಳೆಯದಾಗಲಿ ಎಂದು ಊರನ್ನೇ ಬಿಟ್ಟವರು ಅವರು.

ಬಜ್ಪೆ ಪದವಿನ ಗುಣವೇ ಅದರ ದೋಷವೂ ಹೌದು. ಗುಡ್ಡದ ನೆತ್ತಿ ಸಮತಟ್ಟು, ಆದರೆ ಅಂಚಿನಾಚೆ ಕಣಿವೆ. 1981ರಲ್ಲಿ ಒಂದು ಆವ್ರೋ ವಿಮಾನ ಇಲ್ಲಿ ರನ್‌ವೇ ಮೀರಿ ಹೋಯಿತು, ಪುಣ್ಯಕ್ಕೆ ಜೀವ ಹೋಗಲಿಲ್ಲ. 2010ರ ಮೇ 22ರ ಬೆಳಗ್ಗೆ ಆ ಪುಣ್ಯ ಇರಲಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಹೊಸ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಉಳಿದವರು 8 ಮಂದಿ. ಕಾರಣ ವಿಮಾನ ಇಳಿಸಿದ ರೀತಿಯಲ್ಲಿತ್ತು. ಆದರೆ ಗುಡ್ಡದ ಮೇಲಿನ ರನ್‌ವೇ ತಪ್ಪು ಮಾಡಿದವರಿಗೆ ಎರಡನೇ ಅವಕಾಶ ಕೊಡುವುದಿಲ್ಲ ಎಂಬುದೂ ಅಷ್ಟೇ ನಿಜ. 1951ರಲ್ಲಿ ಡಿಸಿ-3ಗೆ ಹೇಳಿಸಿದ ಜಾಗ ಅರವತ್ತು ವರ್ಷದ ನಂತರದ ಜೆಟ್‌ಗೂ ಹೇಳಿಸುತ್ತದಾ ಎಂದು ಅಂದು ಯಾರೂ ಲೆಕ್ಕ ಹಾಕಿರಲಾರರು. ಸೈಟ್ ಸೆಲೆಕ್ಷನ್ ಒಮ್ಮೆ ಮಾಡುವ ಕೆಲಸ, ಅದರ ಫಲ ನೂರು ವರ್ಷ ಉಣ್ಣಬೇಕು. ಸಿವಿಲ್‌ನವರು ಇದನ್ನು ನೆನಪಿಡಿ.

ಈಗಿನ ಲೆಕ್ಕ

ಈಗ ಮಲ್ಯರ ಬದುಕನ್ನು ಪಕ್ಕದಲ್ಲಿಟ್ಟುಕೊಂಡು ಇಂದಿನ ಸಣ್ಣ ನಿಲ್ದಾಣಗಳನ್ನು ನೋಡುವ.

ಲೋಕಾಸ್ಟ್ ಕಂಪನಿಯ ಗುಟ್ಟು ಸರಳ. ಒಂದೇ ಬಗೆಯ ವಿಮಾನ, ಅರ್ಧ ಗಂಟೆಯೊಳಗೆ ಇಳಿಸಿ ಏರಿಸಿ ಮತ್ತೆ ಹಾರಾಟ, ಸೀಟು ಖಾಲಿ ಇರಬಾರದು. ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ. ಒಂದು ಎ320ರಲ್ಲಿ ಸುಮಾರು 180 ಸೀಟು. ದಿನಕ್ಕೆ ಒಂದು ಸಲ ಬಂದು ಹೋದರೆ 360 ಸೀಟು, ತಿಂಗಳಿಗೆ 10,800. ಶೇಕಡಾ 80 ತುಂಬಬೇಕೆಂದರೂ 8,640 ಜನ ಬೇಕು, ಪ್ರತಿ ತಿಂಗಳೂ. ಜಾತ್ರೆಗೋ ದೀಪೋತ್ಸವಕ್ಕೋ ತುಂಬಿದರೆ ಸಾಲದು, ಆಟಿಯ ಮಳೆಯಲ್ಲೂ ತುಂಬಬೇಕು. ಸುಮಾರು 70 ಸೀಟಿನ ಎಟಿಆರ್ ಆದರೆ ತುಂಬುವುದು ಸುಲಭ, ಆದರೆ ಖರ್ಚು ಹಂಚಿಕೊಳ್ಳುವ ತಲೆ ಕಡಿಮೆ. ಖರ್ಚಿನಲ್ಲಿ ದೊಡ್ಡ ಪಾಲು ಇಂಧನದ್ದು, ಅದರ ಮೇಲೆ ರಾಜ್ಯದ ವ್ಯಾಟ್ ಬೇರೆ.

ಈ ಗಂಟನ್ನು ಬಿಡಿಸಲು ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ತಂದಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳನ್ನು 2,500 ರೂಪಾಯಿ ಆಸುಪಾಸಿನಲ್ಲಿ ಮಾರಬೇಕು. ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡ್ತದೆ. ಆ ಮೂರು ವರ್ಷ ಆ ಮಾರ್ಗದಲ್ಲಿ ಬೇರೆಯವರು ಬರುವ ಹಾಗಿಲ್ಲ. ಅಂಥ ನಿಲ್ದಾಣಗಳಲ್ಲಿ ತುಂಬುವ ಇಂಧನಕ್ಕೆ ರಾಜ್ಯ ವ್ಯಾಟನ್ನು ಶೇಕಡಾ 1ಕ್ಕೆ ಇಳಿಸಬೇಕು. ಒಳ್ಳೆಯ ಯೋಜನೆಯೇ. ಪ್ರಶ್ನೆ ಇರುವುದು ನಾಲ್ಕನೇ ವರ್ಷದಲ್ಲಿ. ಸಬ್ಸಿಡಿ ಊರುಗೋಲು. ಊರುಗೋಲು ತೆಗೆಯುವಷ್ಟರಲ್ಲಿ ಕಾಲಿಗೆ ಬಲ ಬಂದಿರಬೇಕು.

ನಮ್ಮ ರಾಜ್ಯದಲ್ಲೇ ನೋಡಿ. ಬೀದರಿಗೆ 2020ರಲ್ಲಿ ಟ್ರೂಜೆಟ್ ಬಂತು, ಆಮೇಲೆ ಆ ಕಂಪನಿಯೇ ಸೊರಗಿತು. ಬೇರೆ ಕಂಪನಿ ಬಂದು, ನಿಂತು, ಮತ್ತೆ ಶುರು ಮಾಡುವ ಆಟ ಅಲ್ಲಿಯವರದ್ದು. ಶಿವಮೊಗ್ಗದಲ್ಲಿ 3,200 ಮೀಟರ್ ರನ್‌ವೇ, ಅಂದರೆ ಬಜ್ಪೆಯ ಹಳೇ ರನ್‌ವೇಯ ಸುಮಾರು ಎರಡು ಪಟ್ಟು. ಉದ್ಘಾಟನೆ 2023ರ ಫೆಬ್ರವರಿ 27ಕ್ಕೆ. ಮೊದಲ ಪ್ರಯಾಣಿಕ ವಿಮಾನ ಬಂದದ್ದು ಆರು ತಿಂಗಳ ನಂತರ, ಆಗಸ್ಟ್ 31ಕ್ಕೆ. ಗಡಿಯಾಚೆ ಕಣ್ಣೂರಿನಲ್ಲಿ 2018ರಲ್ಲಿ ದೊಡ್ಡ ನಿಲ್ದಾಣವೇ ಆಯಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಎಂಬ ಒಂದು ಕಂಪನಿ ನಿಂತು ಹೋದಾಗ ಅಲ್ಲಿಯ ಹಾರಾಟಕ್ಕೆ ದೊಡ್ಡ ಪೆಟ್ಟು ಬಿತ್ತು. ಒಂದೆರಡು ಕಂಪನಿಯನ್ನು ನೆಚ್ಚಿಕೊಂಡರೆ ಹೀಗೆ.

ನೆರಿಯದಿಂದ ನೋಡಿದರೆ

ಚಾರ್ಮಾಡಿ ಘಾಟಿಯ ಬುಡದ ನೆರಿಯದಲ್ಲಿ ಒಂದು ಪಂಪಿಂಗ್ ಸ್ಟೇಷನ್ ಇದೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ, 360 ಕಿಲೋಮೀಟರಿಗಿಂತ ಸ್ವಲ್ಪ ಉದ್ದದ ತೈಲ ಪೈಪ್‌ಲೈನಿನದ್ದು. ಕಡಲ ಬದಿಯಿಂದ ಬಂದ ಪೆಟ್ರೋಲು, ಡೀಸೆಲನ್ನು ಪಶ್ಚಿಮ ಘಟ್ಟದ ಆಚೆಗೆ ಏರಿಸುವ ಒತ್ತಡ ಅಲ್ಲಿಂದ ಸಿಗ್ತದೆ. ಆ ಪೈಪ್‌ಲೈನ್ ಇರುವುದು ಎಂಆರ್‌ಪಿಎಲ್ ರಿಫೈನರಿ ಇರುವುದರಿಂದ. ರಿಫೈನರಿ ಅಲ್ಲಿರುವುದು ಕಚ್ಚಾತೈಲದ ಹಡಗು ಬರುವ ಪಣಂಬೂರು ಬಂದರು ಹತ್ತಿರ ಇರುವುದರಿಂದ. ಬಂದರು ಇರುವುದು ಮಲ್ಯರಂಥವರು ಹಟ ಹಿಡಿದದ್ದರಿಂದ. ಅವರು ಸತ್ತು ದಶಕಗಳ ಮೇಲೆ, ಅವರ ಕೆಲಸದ ಒಂದು ಎಳೆ ಕಡಲು ಕಾಣದ ನೆರಿಯದ ಕಾಡಿನವರೆಗೆ ಬಂದು ಮುಟ್ಟಿದೆ. ಅಲ್ಲಿಯ ಮಗುವಿಗೂ ಈ ಹೆಸರು ಗೊತ್ತಿರಬೇಕು, ಅಲ್ವಾ?

ಇನ್ನು ಏರ್‌ಸ್ಟ್ರಿಪ್ ಮಾತು. ಅದು ಬೇಡ ಎಂದು ನಾನು ಹೇಳುವುದಿಲ್ಲ. ಧರ್ಮಸ್ಥಳಕ್ಕೆ ಬರುವ ಭಕ್ತರು ಕಡಿಮೆಯೇನಲ್ಲ. ಉಜಿರೆ, ಮೂಡಬಿದಿರೆಯಲ್ಲಿ ಕಾಲೇಜುಗಳಿವೆ. ಚಾರ್ಮಾಡಿ, ಶಿರಾಡಿಯಲ್ಲಿ ಗುಡ್ಡ ಕುಸಿದಾಗ ನಾವು ಪಡುವ ಪಾಡು ನಮಗೇ ಗೊತ್ತು. ಆದರೆ ಬಸ್ಸಿನಲ್ಲಿ ಬರುವ ಭಕ್ತರೆಷ್ಟು, ವಿಮಾನದ ಟಿಕೆಟ್ ಕೊಟ್ಟು ವರ್ಷಪೂರ್ತಿ ಬರುವವರೆಷ್ಟು? ಬಜ್ಪೆ ಇಷ್ಟು ಹತ್ತಿರ ಇರುವಾಗ ಎರಡು ಕಡೆಗೂ ಹಂಚುವಷ್ಟು ಜನ ಇದ್ದಾರಾ? ಯಾರ ತೋಟ, ಯಾವ ಕಾಡು ಹೋಗ್ತದೆ? ಮೂರು ವರ್ಷದ ಸಬ್ಸಿಡಿ ಮುಗಿದ ಮೇಲೆ ಕಂಪನಿ ಉಳಿಯುವುದು ಯಾವ ಕಾರಣಕ್ಕೆ? ಇವಕ್ಕೆ ಉತ್ತರ ಅಂಕಿಗಳಲ್ಲಿ ಬೇಕು, ಘೋಷಣೆಯಲ್ಲಿ ಅಲ್ಲ. ಆ ಅಂಕಿ ಲೆಕ್ಕ ಹಾಕಲು ಸರ್ವೆ ಮಾಡಬಲ್ಲವರು, ಮಾಡೆಲ್ ಕಟ್ಟಬಲ್ಲವರು ನಾವೇ. ಮಿನಿ ಪ್ರಾಜೆಕ್ಟಿಗೆ ವಿಷಯ ಸಿಗ್ತಿಲ್ಲ ಎಂದು ಒದ್ದಾಡುವವರು ಇದನ್ನೇ ಹಿಡಿಯಬಹುದು.

ಮಲ್ಯರು ಇಂಜಿನಿಯರ್ ಅಲ್ಲ. ಓದನ್ನೇ ಅರ್ಧಕ್ಕೆ ಬಿಟ್ಟವರು. ಆದರೂ ಒಂದು ರನ್‌ವೇಯನ್ನು ನೋಡುವಾಗ ಅದರ ಎರಡೂ ತುದಿಗಳಾಚೆ ಏನಿದೆ ಎಂದು ನೋಡಿದರು – ರಸ್ತೆ, ಬಂದರು, ಕಾಲೇಜು, ದುಡಿಯುವ ಜನ. ನಾಳೆ ನಮ್ಮಲ್ಲಿ ಯಾರೋ ಒಬ್ಬರು ಯಾವುದೋ ಊರಿನ ವಿಮಾನ ನಿಲ್ದಾಣದ ಡ್ರಾಯಿಂಗಿಗೆ ಸಹಿ ಹಾಕುತ್ತಾರೆ. ಸಹಿ ಹಾಕುವ ಮೊದಲು ಆ ಕಾಗದದ ಅಂಚಿನಾಚೆಗೂ ಒಮ್ಮೆ ಕಣ್ಣು ಹಾಯಿಸಿದರೆ, ಈ ಊರು ಮಲ್ಯರಿಂದ ಕಲಿತದ್ದು ಉಪಯೋಗಕ್ಕೆ ಬಂತು ಎಂದಾಗ್ತದೆ.